ಮಜ್ಜಿಗೆ ವಾರ್ಡು

ಸಲೋಮಿ ಸಿಸ್ಟರು ಪರದೆಗಳನ್ನೆಲ್ಲ ಎಳೆದು, ವಾರ್ಡು ಮಬ್ಬಾದ ಮೇಲೆ ಕೈದೀಪ ಹೊತ್ತಿಸಿದರು. ಅದರ ನೇರಳೆ ಕಿರಣ ಕಣ್ಣಿಗೆ ಹೆಚ್ಚು ಕಾಣುವಂಥದ್ದಲ್ಲ. ಆದರೆ ಅದು ಹಾಯುತ್ತಲೇ ಮಂಚದ ಕಂಬಿಯುದ್ದಕ್ಕೂ ತೆಳುವಾದ ನೀಲಿ ಹೊಳಪು ಎದ್ದಿತು. ಗೋಡೆ, ಸಲೈನ್ ತೂಗುವ ಕಂಬ, ಬಾಗಿಲ ಹಿಡಿಕೆ, ಎಲ್ಲ ಕಡೆ ಅದೇ ನೀಲಿ. ಕಿಟಕಿಯ ಚಿಲಕದ ಸುತ್ತ ಮಾತ್ರ ಅಂಗೈಯಗಲದ ಕಪ್ಪು ಉಳಿಯಿತು.

"ಇಲ್ಲಿ ಯಾರೋ ಫಿನಾಯಿಲ್ ಬಟ್ಟಿ ಆಡಿಸ್ಯಾರ. ಅದಕ್ಕ ಹೆಪ್ಪು ಸತ್ತೈತಿ" ಎಂದು ಸಿಸ್ಟರು ಸೊಂಟದ ಬಾಟಲಿಯಿಂದ ಕದಡಿದ ಬಿಳಿ ನೀರನ್ನು ಆ ಜಾಗಕ್ಕೆ ಸಿಂಪಡಿಸಿದರು.

"ನಾ ಅಲ್ರೆವಾ. ನನಗ ಮಗ್ಗಲಾ ಬದಲಿಸಾಕ ಆಗೂದಿಲ್ಲ" ಎಂದಿತು ಮಂಚದಿಂದ ಒಂದು ದನಿ.

ಹುಲಿಗೆವ್ವ ಬೋರಲಾಗಿ ಮಲಗಿದ್ದಳು. ಹಳೆಯ ಕಾರುಗಳ ಬ್ಯಾಟರಿ ಬಿಚ್ಚುವ ಶೆಡ್ಡಿನಲ್ಲಿ ಅವಳ ಬೆನ್ನಿಗೆ ಬೆಂಕಿ ಹತ್ತಿತ್ತು. ಅಂದಿನಿಂದ ಮಂಚದ ತಲೆಭಾಗದ ಕಿಂಡಿಯಲ್ಲಿ ಅವಳಿಗೆ ಕಾಣುತ್ತಿದ್ದದ್ದು ವಾರ್ಡಿನ ನೆಲ ಮಾತ್ರ, ಬಂದವರನ್ನು ಚಪ್ಪಲಿಯಿಂದ ಗುರುತಿಸುತ್ತಿದ್ದಳು. ಎರಡು ದಿನದ ಹಿಂದೆ ಅವಳ ಬೆನ್ನಿಗೆ ಹೊಸ ಚರ್ಮ ಹಾಸಿದ್ದರು. ಅವಳದೇ ಜೀವಕೋಶಗಳಿಂದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಚರ್ಮ. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಅದು ಬೇರು ಬಿಟ್ಟು ಮೈಗೆ ಹತ್ತಲು ವಾರಗಳೇ ಬೇಕು. ಅಷ್ಟರೊಳಗೆ ಒಂದು ಕೆಟ್ಟ ಸೋಂಕು ತಗುಲಿದರೆ ಚರ್ಮವೂ ಉಳಿಯುವುದಿಲ್ಲ, ಅದರಡಿಯ ಹೆಂಗಸೂ ಉಳಿಯುವುದಿಲ್ಲ.

"ಹೊಸಾ ಚರ್ಮ ಬೆಳ್ಳಗ ಬರತೈತೇನ್ರಿ ಸಿಸ್ಟರ?"

"ಬೆಳ್ಳಗ ಬಂದ್ರ ನಿನ್ನ ಗಂಡ ಗುರುತು ಹಿಡಿಯಾಂಗಿಲ್ಲ."

"ಹಿಡೀದಿದ್ರ ಇನ್ನೂ ಚಲೋ. ಅಡಿಗಿ ತಪ್ಪತೈತಿ."

ಬಾಗಿಲ ಬಳಿ ನಿಂತಿದ್ದ ಡಾ. ನೀಲಗಂಗಾ ಹಂಚಿನಾಳ ನಗಲಿಲ್ಲ, ಆದರೆ ಅವಳ ಮುಖ ಸಡಿಲಾಯಿತು. ಅವಳು ಸೂಕ್ಷ್ಮಜೀವಿ ವಿಜ್ಞಾನಿ. ಗೋಡೆಯ ಮೇಲಿನ ಆ ನೀಲಿ ಅವಳದು. ಅವಳ ಪ್ರಬಂಧಗಳಲ್ಲಿ ಅದರ ಹೆಸರು 'ಜೀವಪೊರೆ'. ಬಿಳಿಗಲ್ಲು ಊರಿನ ಜಿಲ್ಲಾ ಆಸ್ಪತ್ರೆಯಲ್ಲಿ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಹೆಪ್ಪು ಎನ್ನುತ್ತಿದ್ದರು. ಹೊಸಬರಿಗೆ ವಿವರಿಸುವಾಗ ಅವಳೂ ಆ ಮಾತಿನಿಂದಲೇ ಶುರು ಮಾಡುತ್ತಿದ್ದಳು. ಕಾಸಿದ ಹಾಲನ್ನು ಹಾಗೇ ಬಿಟ್ಟರೆ ಯಾವುದೋ ಜೀವಿ ಬಂದು ಸೇರಿ ಕೆಡುತ್ತದೆ. ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಎರಡರಲ್ಲೂ ಬ್ಯಾಕ್ಟೀರಿಯಾ ಇರುತ್ತದೆ. ಮೊದಲು ಯಾರನ್ನು ಕರೆದೆವು ಎಂಬುದಷ್ಟೇ ವ್ಯತ್ಯಾಸ.

ಇಪ್ಪತ್ತೊಂದನೆಯ ಶತಮಾನದ ಮಧ್ಯದ ಹೊತ್ತಿಗೆ ಹಳೆಯ ಆ್ಯಂಟಿಬಯಾಟಿಕ್‌ಗಳಲ್ಲಿ ಬಹುಪಾಲು ಕೆಲಸ ಬಿಟ್ಟಿದ್ದವು. ನೆಲ ಒರೆಸುವ ದ್ರಾವಣಗಳಿಗೂ ರೋಗಾಣುಗಳು ಒಗ್ಗಿಹೋಗಿದ್ದವು. ಕಾಲು ಮುರಿದು ಬಂದವನು ನ್ಯುಮೋನಿಯಾದಿಂದ, ಹೆರಿಗೆಗೆ ಬಂದವಳು ರಕ್ತದ ನಂಜಿನಿಂದ ಹೋಗುವುದು ಮಾಮೂಲಾಗಿತ್ತು. ಎಲ್ಲರೂ ಇನ್ನೂ ಜೋರಾಗಿ ತೊಳೆದರು. ನೀಲಗಂಗಾ ಕಂಡುಕೊಂಡದ್ದು ಇಷ್ಟು: ಎಷ್ಟೇ ಉಜ್ಜಿದರೂ ಯಾವ ಗೋಡೆಯೂ ಬರಿದಾಗಿ ಉಳಿಯುವುದಿಲ್ಲ. ತೊಳೆದ ಮೇಲೆ ಮೊದಲು ಮರಳಿ ಬರುವುದು ತೊಳೆತವನ್ನು ತಾಳಿಕೊಂಡ ಜೀವಿ. ಅಂದರೆ ಎಲ್ಲಕ್ಕಿಂತ ಮೊಂಡಾದದ್ದು, ಎಲ್ಲಕ್ಕಿಂತ ಕೆಟ್ಟದ್ದು.

ಆರೋಗ್ಯವಂತರ ಚರ್ಮದಿಂದ ಒಂದು ಬಗೆ, ಕಾಲುವೆಯ ದಂಡೆಯ ಮಣ್ಣಿನಿಂದ ಎರಡು ಬಗೆ ಬ್ಯಾಕ್ಟೀರಿಯಾಗಳನ್ನು ಆಯ್ದು ಅವಳು ಒಟ್ಟಿಗೆ ಬೆಳೆಸಿದಳು. ಮೈಯೊಳಗಿನ ಶಾಖದಲ್ಲಿ ಬದುಕದಂತೆ ಅವುಗಳನ್ನು ಮಾರ್ಪಡಿಸಿದಳು. ಅವು ಕಂಬಿ, ಗೋಡೆ, ಕೊಳವೆಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಹರಡಿ, ರೋಗಾಣುಗಳಿಗೆ ಸಿಗಬೇಕಾದ ತಿನಿಸನ್ನೆಲ್ಲ ತಾವೇ ತಿಂದು ಮುಗಿಸುತ್ತಿದ್ದವು. ರೋಗಾಣುಗಳು ರಾಸಾಯನಿಕಗಳ ಮೂಲಕ ತಮ್ಮೊಳಗೆ ಸುದ್ದಿ ಹಂಚಿಕೊಂಡು ಗುಂಪು ಕಟ್ಟುತ್ತವೆ. ಹೆಪ್ಪು ಆ ಸುದ್ದಿಯನ್ನೂ ಕೆಡಿಸುತ್ತಿತ್ತು. ಎರಡು ವರ್ಷದಿಂದ ಈ ವಾರ್ಡಿನಲ್ಲಿ ಸುಟ್ಟಗಾಯದವರು ಸುಟ್ಟಗಾಯದಿಂದ ಮಾತ್ರ ನರಳುತ್ತಿದ್ದರು.

ಆದರೆ ವಾರ್ಡು ನೋಡಲು ಚೆನ್ನಾಗಿರಲಿಲ್ಲ. ಪೊರೆ ಕೂತ ಸ್ಟೀಲು ಮಂಕಾಗುತ್ತಿತ್ತು. ಬಿಳಿ ಟೈಲುಗಳಿಗೆ ಹಳೆಯ ಹಲ್ಲಿನ ಬಣ್ಣ ಬಂದಿತ್ತು. ಫಿನಾಯಿಲ್ ವಾಸನೆ ಇರಲಿಲ್ಲ, ಬದಲಿಗೆ ಒಂದು ತೆಳು ಹುಳಿ ವಾಸನೆ. ಬಾಗಿಲಲ್ಲೊಂದು ದ್ರೋಣಿಯಲ್ಲಿ ಹೆಪ್ಪು ಕದಡಿದ ಬಿಳಿ ನೀರು ತುಂಬಿಟ್ಟಿದ್ದರು. ವೈದ್ಯರಿರಲಿ, ಬೀಗರಿರಲಿ, ಮೊಣಕೈವರೆಗೆ ಅದ್ದಿಯೇ ಒಳಗೆ ಬರಬೇಕು. ಊರವರು ಇದಕ್ಕೆ ಮಜ್ಜಿಗೆ ವಾರ್ಡು ಎಂದು ಹೆಸರಿಟ್ಟಿದ್ದರು. ಒಗ್ಗರಣೆ ಒಂದು ಕಡಿಮೆ ಎಂದು ನಗುತ್ತಿದ್ದರು.

ಮಧ್ಯಾಹ್ನ ಆಸ್ಪತ್ರೆಯ ಮುಖ್ಯಸ್ಥರಾದ ಡಾ. ವಾಮನ ದೇಸಾಯಿ ನೀಲಗಂಗಾಳನ್ನು ಕರೆಸಿದರು. ಅವರ ಕೋಣೆಯ ಕಿಟಕಿಯಿಂದ ಕೆಳಗಿನ ಅಂಗಳ ಕಾಣುತ್ತಿತ್ತು. ಇಬ್ಬರು ರಸ್ತೆಯ ಎರಡೂ ಅಂಚಿಗೆ ಬ್ಲೀಚಿಂಗ್ ಪುಡಿಯಿಂದ ಬಿಳಿ ಗೆರೆ ಎಳೆಯುತ್ತಿದ್ದರು. ದೊಡ್ಡವರು ಬರುವಾಗ ಈ ನಾಡಿನಲ್ಲಿ ಎಳೆಯುವ ಗೆರೆ. ಎಷ್ಟು ದಶಕ ಕಳೆದರೂ ಅದು ಬದಲಾಗಿರಲಿಲ್ಲ.

"ನಾಳೆ ಆರೋಗ್ಯ ಸಚಿವರು ಬರ್ತಾರ" ಎಂದರು ದೇಸಾಯಿ. ಅವರ ದನಿಯಲ್ಲಿ ಸಂತೋಷವಿತ್ತು. "ನಿಮ್ಮ ಹೆಪ್ಪನ್ನ ರಾಜ್ಯದ ನಲವತ್ತು ಆಸ್ಪತ್ರಿಗೆ ಕೊಡೋ ಯೋಜನಾ. ಇಲ್ಲೇ, ನಿಮ್ಮ ವಾರ್ಡಿನ್ಯಾಗ ಘೋಷಣಾ ಮಾಡ್ತಾರಂತ. ಹೆಸರಿನ ಕಲ್ಲೂ ಕೆತ್ತಿ ಬಂದದ."

ಹನ್ನೊಂದು ವರ್ಷ ನೀಲಗಂಗಾ ಕಾದದ್ದು ಈ ಒಂದು ವಾಕ್ಯಕ್ಕೆ.

"ಅದಕ್ಕ ಇವತ್ತ ಸಂಜಿಗೆ ವಾರ್ಡು ತೊಳೀಲಿಕ್ಕೆ ಮಂದಿ ಬರ್ತಾರ. ಕ್ಲೋರಿನ್ ಪಂಪು ತರ್ತಾರ. ಗ್ವಾಡಿಗೆ ಒಂದು ಕೋಟು ಬಣ್ಣಾನೂ ಹೊಡೀತಾರ."

"ಸರ್, ಎದಕ್ಕ ತೊಳೀತಾರ?"

"ಎದಕ್ಕ ಅಂದ್ರ? ಮಂತ್ರಿಗಳು ಬರೋ ಜಾಗಾ ಅದು. ಟಿವಿಯವರು ಬರ್ತಾರ. ಆ ಟೈಲ್ ನೋಡೀರಿಲ್ಲೋ? ಮುಸರಿ ಭಾಂಡೆ ಇದ್ದಂಗ ಅವ."

"ಅದನ್ನ ನೋಡಾಕ ಬರಾಕತ್ತಾರಲ್ಲ ಸರ್, ಅವರು."

ದೇಸಾಯಿಯವರು ದಡ್ಡರಲ್ಲ. ಶಸ್ತ್ರಚಿಕಿತ್ಸಕರಾಗಿ ಹೆಸರು ಮಾಡಿದವರು, ಹೆಪ್ಪಿಗೆ ಈ ಆಸ್ಪತ್ರೆಯ ಬಾಗಿಲು ತೆರೆದವರೇ ಅವರು. ಯಾರೂ ಅವರಿಗೆ ತೊಳೆಯಿರಿ ಎಂದು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸಚಿವರು ಬರುತ್ತಾರೆ ಎಂಬ ಸುದ್ದಿಯಲ್ಲೇ ತೊಳೆಯಬೇಕೆಂಬ ಮಾತು ಸೇರಿರುತ್ತದೆ. ಅದನ್ನು ಯಾರೂ ಆಡುವುದಿಲ್ಲ, ಎಲ್ಲರೂ ಪಾಲಿಸುತ್ತಾರೆ.

"ಪೊರೆ ಮತ್ತ ಕೂಡಾಕ ಮೂರು ವಾರ ಬೇಕು" ಎಂದಳು ನೀಲಗಂಗಾ. "ಅಷ್ಟರಾಗ ಮೋರಿಯೊಳಗಿನ ರೋಗಾಣು ಮೊದಲು ಬರತೈತಿ. ಹುಲಿಗೆವ್ವನ ಬೆನ್ನ ಮ್ಯಾಲ ಈಗಷ್ಟ ಚರ್ಮ ಹಾಸೀವಿ."

"ಆಕೀನ್ನ ಬ್ಯಾರೆ ಕೋಣಿಗೆ ಒಯ್ಯೋಣು."

"ಬ್ಯಾರೆ ಕೋಣ್ಯಾಗ ಹೆಪ್ಪಿಲ್ಲ."

ದೇಸಾಯಿ ಕುರ್ಚಿಯಿಂದೆದ್ದು ಕಿಟಕಿಗೆ ಬೆನ್ನು ಮಾಡಿ ನಿಂತರು. "ನೀಲಗಂಗಾ, ನನ್ನ ಮಾತು ಕೇಳ್ರಿ. ನಲವತ್ತು ಆಸ್ಪತ್ರಿ. ಒಂದೊಂದರಾಗ ಎಷ್ಟು ಹುಲಿಗೆವ್ವಗೋಳು ಮಲಗ್ಯಾರ? ಅವರನ್ನ ನೀವು ನೋಡಿಲ್ಲ, ಅವರ ಹೆಸರು ಗೊತ್ತಿಲ್ಲ. ಅದಕ್ಕ ಅವರು ಇಲ್ಲಂತ ಆಗ್ತದೇನು? ಈ ಒಂದು ದಿನ ಸುಮ್ಮನಿದ್ರ ಅವರೆಲ್ಲರಿಗೂ ನಿಮ್ಮ ಹೆಪ್ಪು ಸಿಗ್ತದ. ನಾಳೆ ಕಾರ್ಯಕ್ರಮ ಕೆಟ್ಟರ ಕಡತ ಮತ್ತ ಏಳೋದು ಯಾವಾಗೋ. ಇದಕ್ಕ ಏನಂತೀರಿ?"

ಅವಳು ಆ ಲೆಕ್ಕದಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ.

ವಾರ್ಡಿಗೆ ಮರಳಿದ ಅವಳು ದ್ರೋಣಿಯಲ್ಲಿ ಕೈ ಅದ್ದಿ ಒಳಗೆ ಬಂದು, ಹುಲಿಗೆವ್ವನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಸಲೋಮಿ ಸಿಸ್ಟರಿಗೆ ಮೆಲ್ಲಗೆ ಎಲ್ಲ ಹೇಳಿದಳು. ಹುಲಿಗೆವ್ವನಿಗೆ ಕೇಳಬಾರದೆಂದು ಮೆಲ್ಲಗೆ. ಹೇಳುತ್ತ ಹೇಳುತ್ತ, ತಾನು ಆಗಲೇ ಅರ್ಧ ಒಪ್ಪಿಕೊಂಡವಳ ಹಾಗೆ ಮಾತಾಡುತ್ತಿರುವುದು ಅವಳ ಅರಿವಿಗೆ ಬಂತು. 'ಪ್ಲಾಸ್ಟಿಕ್ ಗುಡಾರ ಕಟ್ಟಬಹುದೇನೋ', 'ಅಪಾಯ ಅರ್ಧಕ್ಕರ್ಧ ಇರಬಹುದು'. ಹಾಸಿಗೆಯಲ್ಲಿರುವ ಒಬ್ಬಳನ್ನು ಅರ್ಧಕ್ಕರ್ಧ ಎನ್ನುವುದು ಹೇಗೆ?

ಸಿಸ್ಟರು ಉತ್ತರಿಸುವ ಮೊದಲೇ ಮಂಚದಿಂದ ದನಿ ಬಂತು.

"ಡಾಕ್ಟರಮ್ಮ, ನನ್ನ ಬೆನ್ನು ಸುಟ್ಟೈತಿ. ಕಿವಿ ಸುಟ್ಟಿಲ್ಲ."

ನೀಲಗಂಗಾ ಬಗ್ಗಿ ಅವಳ ಮುಖ ನೋಡಿದಳು. ಮಂಚದ ತಲೆಭಾಗದ ಕಿಂಡಿಯಲ್ಲಿ ಆ ಮುಖ ನೆಲ ನೋಡುತ್ತಿತ್ತು.

"ಆ ನಲವತ್ತು ಆಸ್ಪತ್ರ್ಯಾಗ ಮಂತ್ರಿ ಹೋಗಾಂಗಿಲ್ಲೇನ್ರಿ ಮುಂದ?" ಎಂದು ಕೇಳಿದಳು ಹುಲಿಗೆವ್ವ.

"ಹೋಗ್ತಾರ."

"ಹೋದಾಗೆಲ್ಲ ತೊಳೀತಾರೋ ಇಲ್ಲೋ?"

ನೀಲಗಂಗಾ ಸ್ಟೂಲಿನಿಂದ ನೆಲಕ್ಕೆ ಇಳಿದು ಕುಳಿತಳು.

"ಮಂತ್ರಿ ಇಲ್ಲಾಂದ್ರ ಕಲೆಕ್ಟ್ರು. ಕಲೆಕ್ಟ್ರು ಇಲ್ಲಾಂದ್ರ ಯಾವನೋ ಪುಢಾರಿ. ಇವತ್ತ ನನ್ನ ಮ್ಯಾಲ ತೊಳದು ರೂಢಿ ಮಾಡಿಕೊಟ್ರ, ಅಲ್ಲೂ ಅದೇ ರೂಢಿ. ಮತ್ತ ಎದಕ್ಕ ಬೇಕ್ರಿ ಅವರಿಗೆ ನಿಮ್ಮ ಮಜ್ಜಿಗಿ?" ಅವಳು ಉಸಿರೆಳೆದುಕೊಂಡಳು, ಬೆನ್ನು ನೋಯುತ್ತಿತ್ತು. "ನಾ ಬದಕಬೇಕಂತೀನಿ, ಅದಕ್ಕ ಹೇಳಾಕತ್ತೀನಿ. ಖರೇನ ಹೇಳ್ತೀನಿ, ಮಂದಿ ಸಲುವಾಗಿ ಅಲ್ಲ."

ಸಲೋಮಿ ಸಿಸ್ಟರು ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ನಲ್ಲಿಯಲ್ಲಿ ಗಾಳಿ ಕೆಮ್ಮಿತು. ಮರಳಿ ಬಂದಾಗ ಅವರ ಕೈಯಲ್ಲಿ ವಾರ್ಡಿನ ನೀರಿನ ವಾಲ್ವಿನ ಹಿಡಿಕೆಯಿತ್ತು.

"ಗಾಯ ತೊಳಿಯಾಕ ಡ್ರಮ್ಮಿನ್ಯಾಗ ಹಿಡದಿಟ್ಟೀನಿ" ಎಂದರು. "ಅವರ ಪಂಪಿಗೆ ಮಾತ್ರ ಸಿಗಾಂಗಿಲ್ಲ."

ಸಂಜೆ ಬಿಸಿಲು ಇರುವಾಗಲೇ ತೊಳೆಯುವವರು ಬಂದರು. ಹಳದಿ ಬೂಟು, ಬೆನ್ನಿಗೆ ಕ್ಲೋರಿನ್ ಡಬ್ಬಿ, ಹೆಗಲಿಗೆ ಸುತ್ತಿದ ಪೈಪು. ಮುಂದಾಳು ರಾಜಾಸಾಬ ಎಂಬ ದಪ್ಪ ಮೀಸೆಯವನು. ನೀಲಗಂಗಾ ಬಾಗಿಲಿನ ನಡುವೆ ಕುರ್ಚಿ ಹಾಕಿ ಕುಳಿತಿದ್ದಳು.

"ಸರಕೋರಿ ಮೇಡಂ. ಅರ್ಧಾ ತಾಸಿನ ಕೆಲಸ."

"ಒಳಗ ಬರೂದಿದ್ರ ಮೊದಲು ಇದರಾಗ ಮೊಣಕೈ ತನಕ ಅದ್ದಬೇಕು" ಎಂದು ಅವಳು ದ್ರೋಣಿ ತೋರಿಸಿದಳು. "ಅದ್ದಿದ ಕೈಲೆ ಕ್ಲೋರಿನ್ ಮುಟ್ಟಂಗಿಲ್ಲ."

ರಾಜಾಸಾಬ ದ್ರೋಣಿಯನ್ನೂ ಅವಳನ್ನೂ ನೋಡಿದ. "ಹಂಗಂದ್ರ ನಾ ಒಳಗ ಬಂದು ಮಾಡೂದೇನ್ರಿ?"

"ಪೇಶಂಟ್ ಮಾತಾಡಿಸ್ರಿ. ಆಕೀಗೆ ಬ್ಯಾಸರಾಗೈತಿ."

ಹಿಂದಿದ್ದವರು ನಕ್ಕರು. ರಾಜಾಸಾಬನಿಗೂ ನಗು ಬಂದಿತ್ತು, ಆದರೆ ಅವನು ಕೆಲಸ ಒಪ್ಪಿಕೊಂಡು ಬಂದವನು. ಒಬ್ಬನನ್ನು ದೇಸಾಯಿಯವರ ಬಳಿಗೆ ಕಳಿಸಿದ. ಅಷ್ಟರಲ್ಲಿ ಓಣಿಯಂಥ ಆ ಉದ್ದ ಮೊಗಸಾಲೆಯಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದ ರೋಗಿಗಳ ಕಡೆಯವರಿಗೆ ಸುದ್ದಿ ಮುಟ್ಟಿತು. ಯಾರೂ ಕೂಗಾಡಲಿಲ್ಲ. ಹುಲಿಗೆವ್ವನ ಗಂಡ ದುರ್ಗಪ್ಪ ತನ್ನ ಚಾಪೆ ಎತ್ತಿ ತಂದು ನೀಲಗಂಗಾಳ ಕುರ್ಚಿಯ ಮುಂದೆ ಹಾಸಿ, ಊಟ ಮುಂದುವರಿಸಿದ. ಅವನ ಪಕ್ಕಕ್ಕೆ ಇನ್ನೊಂದು ಚಾಪೆ ಬಂತು, ಅದರ ಪಕ್ಕಕ್ಕೆ ಮತ್ತೊಂದು. ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಬಾಗಿಲಿಗೆ ಹೋಗುವ ದಾರಿಯ ತುಂಬ ಜನ ಉಣ್ಣುತ್ತ ಕುಳಿತರು. ಉಣ್ಣುವವರನ್ನು ದಾಟಿ ಹೋಗುವುದು ಯಾರಿಗೂ ಬರುವ ಕೆಲಸವಲ್ಲ.

"ಬರ್ರಿ ಸಾಬರ, ಎರಡು ತುತ್ತು" ಎಂದ ದುರ್ಗಪ್ಪ.

ದೇಸಾಯಿ ಬಂದಾಗ ರಾಜಾಸಾಬನ ಕೈಯಲ್ಲಿ ರೊಟ್ಟಿಯಿತ್ತು.

ಅವರು ಚಾಪೆಗಳ ಆಚೆ ನಿಂತು ಹೇಳಿದರು: "ನೀಲಗಂಗಾ, ಇದು ಆದೇಶ."

"ಬರದು ಕೊಡ್ರಿ ಸರ್. ಮಂತ್ರಿಗಳು ನೋಡಾಕ ಬರ್ತಾರಂತ, ಎರಡು ದಿನದ ಹಿಂದ ಚರ್ಮ ಹಾಸಿದ ಪೇಶಂಟಿನ ವಾರ್ಡು ತೊಳೀರಿ ಅಂತ. ಕೆಳಗ ನಿಮ್ಮ ಸಹಿ ಮಾಡ್ರಿ. ನಾ ಏಳ್ತೀನಿ."

ದೇಸಾಯಿಯವರ ಕೈ ಜೇಬಿನ ಪೆನ್ನಿನವರೆಗೆ ಹೋಯಿತು. ಅಲ್ಲಿಯೇ ನಿಂತಿತು. ಅವರು ಹೆದರಿದ್ದರೆಂದು ನೀಲಗಂಗಾಳಿಗೆ ಅನಿಸಲಿಲ್ಲ. ಆ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಬರೆದು ನೋಡುತ್ತಿದ್ದಾರೆ ಎನಿಸಿತು. ಬರೆದಾಗ ಅದು ಹೇಗೆ ಕಾಣುತ್ತದೆ ಎಂದು.

"ಆ ನಲವತ್ತರ ಮಾತಿಗೆ ನೀವು ಉತ್ತರ ಕೊಡಲಿಲ್ಲ" ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ.

"ನನ್ನ ಹತ್ರ ಉತ್ತರ ಇಲ್ಲ ಸರ್."

ಉತ್ತರವಿಲ್ಲದೆಯೇ ಅವಳು ಕುಳಿತಿದ್ದಳು. ದೇಸಾಯಿ ಏನನ್ನೂ ಬರೆಯದೆ ಹೊರಟುಹೋದರು. ಪೈಪುಗಳು ಸುತ್ತಿಕೊಂಡು ಗಾಡಿ ಏರಿದವು.

ಮರುದಿನ ಸಚಿವರು ಬಂದರು. ಮೆಟ್ಟಿಲು ಹತ್ತಿ ವಾರ್ಡಿನ ಗಾಜಿನ ತನಕವೂ ಬಂದರು. ಮಂಕು ಕಂಬಿ, ಹಳದಿ ಟೈಲು, ಬೋರಲಾಗಿ ಮಲಗಿದ ಹೆಂಗಸು. ಕ್ಯಾಮೆರಾದವನು ಒಮ್ಮೆ ಗೋಡೆ ನೋಡಿ ಕ್ಯಾಮೆರಾ ಇಳಿಸಿದ.

"ಕೈ ಅದ್ದಿ ಒಳಗ ಬರಬಹುದು ಸರ್" ಎಂದಳು ನೀಲಗಂಗಾ. "ದೀಪ ಹಾಕಿ ತೋರಸ್ತೀನಿ. ಎಲ್ಲಾ ನೀಲಿ ಕಾಣತೈತಿ."

ಸಚಿವರು ಬಿಳಿ ಅಂಗಿಯ ತೋಳನ್ನು ಅರ್ಧ ಮಡಚಿದರು. ಅವರ ಆಪ್ತ ಸಹಾಯಕ ಕಿವಿಯಲ್ಲಿ ಏನೋ ಹೇಳಿದ. ಅವರು ತೋಳು ಇಳಿಸಿ, ಚೆನ್ನಾಗಿ ಕೆಲಸ ಮಾಡುತ್ತಿದ್ದೀರಿ ಎಂದು ಹೇಳಿ ನಮಸ್ಕರಿಸಿದರು. ಬೇರೆ ಊರಿನಲ್ಲಿ ಇನ್ನೊಂದು ಕಾರ್ಯಕ್ರಮವಿತ್ತು. ಕೆತ್ತಿಸಿದ ಕಲ್ಲಿನ ಮೇಲಿನ ಬಟ್ಟೆಯನ್ನು ಯಾರೂ ತೆಗೆಯಲಿಲ್ಲ. ಯೋಜನೆಯನ್ನು ರದ್ದು ಮಾಡಿದೆವು ಎಂದೂ ಯಾರೂ ಹೇಳಲಿಲ್ಲ. ಅದರ ಮಾತು ನಿಂತಿತು, ಅಷ್ಟೆ.

ಆ ವಾರಗಳಲ್ಲಿ ನೀಲಗಂಗಾಳಿಗೆ ನಿದ್ದೆ ಕಡಿಮೆಯಾಯಿತು. ಹುಲಿಗೆವ್ವನ ಬೆನ್ನಿನ ಪಟ್ಟಿ ಬಿಚ್ಚಿದಾಗಲೆಲ್ಲ ಅವಳು ಎರಡನ್ನು ನೋಡುತ್ತಿದ್ದಳು: ಮೈಗೆ ಹತ್ತುತ್ತಿರುವ ಗುಲಾಬಿ ಚರ್ಮವನ್ನು, ಮತ್ತು ಎಲ್ಲೋ ಇನ್ನೊಂದು ಊರಿನಲ್ಲಿ ಅದೇ ಹೊತ್ತಿಗೆ ಕೀವಾಗುತ್ತಿರುವ ಇನ್ನೊಂದು ಬೆನ್ನನ್ನು. ಮೊದಲನೆಯದು ಕಣ್ಣೆದುರಿಗಿತ್ತು. ಎರಡನೆಯದನ್ನು ಅವಳು ಬೇಕೆಂದೇ ನೋಡುತ್ತಿದ್ದಳು. ಅದನ್ನು ನೋಡದೆ ಇದ್ದರೆ, ಆ ಸಂಜೆ ಬಾಗಿಲಲ್ಲಿ ಕುಳಿತದ್ದು ಬರೀ ಹಟವಾಗುತ್ತಿತ್ತು.

ಒಂದು ದಿನ ನೆರೆಯ ಜಿಲ್ಲೆಯ ಇಬ್ಬರು ನರ್ಸುಗಳು ಸಲೋಮಿ ಸಿಸ್ಟರನ್ನು ಹುಡುಕಿಕೊಂಡು ಬಂದರು. ಅವರ ಕೈಚೀಲದಲ್ಲಿ ಕುದಿಸಿ ಒಣಗಿಸಿದ ಸ್ಟೀಲ್ ಡಬ್ಬಿಗಳಿದ್ದವು. ಮಾರ್ಪಡಿಸಿದ ಜೀವಿಯನ್ನು ಸರ್ಕಾರದ ಅಪ್ಪಣೆಯಿಲ್ಲದೆ ಆಸ್ಪತ್ರೆಯಿಂದಾಚೆ ಕೊಡುವುದು ಕಾನೂನಿಗೆ ವಿರುದ್ಧ. ಸಿಸ್ಟರು ನೀಲಗಂಗಾಳ ಮುಖ ನೋಡಿದರು. ಅವಳು ಡಬ್ಬಿಗಳನ್ನು ತಾನೇ ತುಂಬಿದಳು, ಮುಚ್ಚಳದ ಮೇಲೆ ತನ್ನ ಹೆಸರು ಬರೆದಳು.

"ಹೆಸರು ಯಾಕ್ರಿ ಮೇಡಂ?"

"ನಾಳೆ ಕೇಳಿದ್ರ ನೀವು ಕದ್ದೀರಿ ಅನಬಾರದು. ನಾ ಕೊಟ್ಟೀನಿ."

ಹುಲಿಗೆವ್ವ ಎದ್ದು ಕುಳಿತು, ನಡೆದು, ಮನೆಗೆ ಹೊರಡುವ ದಿನ ಬಂತು. ಎದ್ದು ನಿಂತ ಮೇಲೆ ಅವಳು ನೀಲಗಂಗಾಳಿಗಿಂತ ಎತ್ತರವಿದ್ದಳು. ದುರ್ಗಪ್ಪ ಔಷಧಿ ತರಲು ಕೆಳಗೆ ಹೋಗಿದ್ದ. ಅವಳು ಸೆರಗನ್ನು ಬೆನ್ನಿಗೆ ತಾಗದಂತೆ ಹೊದೆದುಕೊಂಡು ಕೇಳಿದಳು:

"ಡಾಕ್ಟರಮ್ಮ, ಒಂದು ಮಾತು. ಆವತ್ತ ತೊಳದಿದ್ರ, ನಾ ಸತ್ತಿದ್ರ, ಏನಾಗಿ ಸತ್ಲು ಅಂತ ಬರೀತಿದ್ರಿ?"

ನೀಲಗಂಗಾ ಸುಳ್ಳು ಹೇಳಬಹುದಿತ್ತು. "ಸುಟ್ಟಗಾಯ ಅಂತ" ಎಂದಳು.

"ತೊಳದದ್ದು?"

"ಅದನ್ನ ಬರಿಯಾಂಗಿಲ್ಲ."

"ಮೋರಿಯಿಂದ ಬಂದದ್ದು?"

"ಅದನ್ನೂ ಇಲ್ಲ. ಯಾರೂ ಬರಿಯಾಂಗಿಲ್ಲ."

ಹುಲಿಗೆವ್ವ ಮಂಚದ ಕಂಬಿಗೆ ಕೈ ಊರಿದಳು. "ನಮ್ಮವ್ವ ಹಡಿಯಾಕ ದವಾಖಾನಿಗೆ ಹೋಗಿ ಅಲ್ಲೇ ತೀರಿಹೋದ್ಲು. ಹಡದು ಸತ್ಲು ಅಂದ್ರು. ಹಡದ ಮ್ಯಾಲ ಆಕಿ ಎಂಟು ದಿನಾ ಚಲೋ ಇದ್ಲಂತ." ನಂತರ ಹೇಳಿದಳು, "ನೀವಾದ್ರೂ ಬರೀರಿ ಇನ್ನ ಮ್ಯಾಲ."

ನೀಲಗಂಗಾ ಬರೆದಳು. ಮೊದಲು ಬಿಳಿಗಲ್ಲಿನ ಒಂದು ವಾರ್ಡಿನಿಂದ, ಆಮೇಲೆ ಸ್ಟೀಲ್ ಡಬ್ಬಿ ಹೋದ ಊರುಗಳಿಂದ. ಆಸ್ಪತ್ರೆಗೆ ಬಂದ ಕಾರಣ ಒಂದು, ಆಸ್ಪತ್ರೆಯಲ್ಲಿ ಹತ್ತಿದ್ದು ಇನ್ನೊಂದು ಎಂದು ಬೇರೆ ಬೇರೆಯಾಗಿ ಬರೆಯುವ ರೂಢಿ ಹುಟ್ಟಿತು. ಅದಕ್ಕಾಗಿ ಅವಳಿಗೆ ಎರಡು ವರ್ಗಾವಣೆ, ಒಂದು ವಿಚಾರಣೆ ಆದವು. ಅವಳು ನಿಲ್ಲಿಸಲಿಲ್ಲ. ಎಷ್ಟೋ ವರ್ಷದ ನಂತರ ಅದೇ ನಿಯಮವಾಗಿ, ಆಸ್ಪತ್ರೆಯಲ್ಲಿ ಹತ್ತಿದ ಸೋಂಕಿನಿಂದ ಸತ್ತವರ ಲೆಕ್ಕ ಮೊದಲ ಬಾರಿಗೆ ಇಡೀ ರಾಜ್ಯದಿಂದ ಹೊರಬಿದ್ದಾಗ ಜನ ಬೆಚ್ಚಿಬಿದ್ದರು. ಇಷ್ಟು ಜನ ಒಮ್ಮೆಲೇ ಸಾಯತೊಡಗಿದ್ದು ಹೇಗೆ ಎಂದು ಪತ್ರಿಕೆಗಳು ಕೇಳಿದವು.

ಒಮ್ಮೆಲೇ ಯಾರೂ ಸಾಯತೊಡಗಿರಲಿಲ್ಲ. ಅದಕ್ಕೂ ಹಿಂದಿನ ದಶಕಗಳಲ್ಲಿ ಅಷ್ಟೇ ಜನ ಸಾಯುತ್ತಿದ್ದರು. ಅವರ ಮನೆಯವರು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ಕಾಲಿಗೆಂದು ಬಂದವನು ಕಾಲಿನಿಂದಲೇ ಹೋದನೆಂದು ನಂಬಿ, ವೈದ್ಯರಿಗೆ ಕೈಮುಗಿದು, ಹಣೆಬರಹ ಎಂದು ಹೇಳಿ ಮನೆಗೆ ಹೋಗುತ್ತಿದ್ದರು. ಅವರ ಬೆನ್ನ ಹಿಂದೆ ಯಾರೋ ನೆಲಕ್ಕೆ ಫಿನಾಯಿಲ್ ಸುರಿದು ಒರೆಸುತ್ತಿದ್ದರು.